ಊರಿನ ಕಲಾವಿದರ ಸಂಘ: ಸೇರಿದವರಿಗೆ ಸಿಗುವುದೇನು?

1947ರ ಮುಂಬಯಿಯಲ್ಲಿ ಎಂ.ಎಫ್. ಹುಸೇನ್ ಅವರನ್ನು ಚಿತ್ರಕಾರರೆಂದು ಗುರುತಿಸುವವರು ಹೆಚ್ಚಿರಲಿಲ್ಲ. ಸಿನಿಮಾ ಹೋರ್ಡಿಂಗ್ ಬರೆದು, ಮಕ್ಕಳ ಆಟಿಕೆ ಮತ್ತು ಪೀಠೋಪಕರಣಗಳಿಗೆ ವಿನ್ಯಾಸ ಮಾಡಿಕೊಟ್ಟು ಸಂಸಾರ ನಡೆಸಿದವರು ಅವರು. ಆ ವರ್ಷ ಬಾಂಬೆ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನಕ್ಕೆ ‘ಸುನೆಹ್ರಾ ಸಂಸಾರ್’ ಎಂಬ ಚಿತ್ರವನ್ನು ಕಳಿಸಿದರು. ಚಿತ್ರ ಗೋಡೆಗೇರಿತು, ಬಹುಮಾನವೂ ಬಂತು. ಬಹುಮಾನಕ್ಕಿಂತ ದೊಡ್ಡದು ಇನ್ನೊಂದು ನಡೆಯಿತು. ಎಫ್.ಎನ್. ಸೂಜಾ ಹುಸೇನರ ಕೆಲಸವನ್ನು ಕಂಡು, ತಾವು ಆಗಷ್ಟೇ ಕಟ್ಟುತ್ತಿದ್ದ ಪ್ರೊಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್‌ಗೆ ಅವರನ್ನು ಕರೆದುಕೊಂಡರು. ಎಸ್.ಎಚ್. ರಝಾ, ಕೆ.ಎಚ್. ಆರಾ, ಎಚ್.ಎ. ಗಾಡೆ, ಶಿಲ್ಪಿ ಎಸ್.ಕೆ. ಬಾಕ್ರೆ ಸೇರಿ ಆರು ಜನರ ಗುಂಪು ಅದು. ಭಾರತದ ಆಧುನಿಕ ಚಿತ್ರಕಲೆಯ ಚರಿತ್ರೆಯಲ್ಲಿ ಅಷ್ಟು ಸಣ್ಣ ಗುಂಪಿಗೆ ಸಿಕ್ಕಷ್ಟು ಪುಟಗಳು ಬೇರೆ ಯಾರಿಗೂ ಸಿಕ್ಕಿಲ್ಲ.

ಈ ಗುಂಪು ಹುಟ್ಟಿದ್ದು ಸೊಸೈಟಿಯ ಹಳೆಯ ರುಚಿಯ ಮೇಲಿನ ಸಿಟ್ಟಿನಿಂದ. 1888ರಲ್ಲಿ ಶುರುವಾದ ಬಾಂಬೆ ಆರ್ಟ್ ಸೊಸೈಟಿ ಅಷ್ಟರಲ್ಲಿ ಹಿರಿಯರ, ಪರಿಚಿತ ಶೈಲಿಗಳ ಕೋಟೆಯಾಗಿತ್ತು. ಆದರೂ 1949ರಲ್ಲಿ ಗುಂಪು ತನ್ನ ಮೊದಲ ಪ್ರದರ್ಶನ ನಡೆಸಿದ್ದು ರಾಂಪಾರ್ಟ್ ರೋನಲ್ಲಿದ್ದ ಅದೇ ಸೊಸೈಟಿಯ ಸಲೊನ್‌ನಲ್ಲಿ. ಉದ್ಘಾಟಿಸಿದವರು ಲೇಖಕ ಮುಲ್ಕ್ ರಾಜ್ ಆನಂದ್. ಬಂಡಾಯ ಏಳಲು ಎದುರಿಗೊಂದು ಸಂಸ್ಥೆ ಬೇಕಿತ್ತು, ಬಂಡಾಯದ ಚಿತ್ರ ತೂಗುಹಾಕಲು ಆ ಸಂಸ್ಥೆಯ ಗೋಡೆಯೂ ಬೇಕಿತ್ತು. ಸಂಘವೊಂದು ತನ್ನ ಸದಸ್ಯರಿಗೆ ಕೊಡುವ ಲಾಭಗಳನ್ನು ಲೆಕ್ಕ ಹಾಕುವಾಗ ಈ ಎರಡೂ ಬಗೆಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕಲಾಪದವಿ ಮುಗಿಸಿ ಹಾವೇರಿಗೋ ಸಿರಸಿಗೋ ಮರಳಿದ ಹುಡುಗಿ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಬ್ಯಾಂಕಿನಿಂದ ನಿವೃತ್ತರಾಗಿ ಮತ್ತೆ ಜಲವರ್ಣದ ಪೆಟ್ಟಿಗೆ ತೆರೆದವರು, ಮಕ್ಕಳು ಶಾಲೆಗೆ ಹೋದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡುವ ಗೃಹಿಣಿ, ಇವರೆಲ್ಲರೂ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ ಇದು: ಊರಿನ ಕಲಾವಿದರ ಸಂಘಕ್ಕೆ ಸೇರಬೇಕೆ? ಸಿಗುವ ಉತ್ತರಗಳು ಹೆಚ್ಚಾಗಿ ಮಾರಾಟ, ಪ್ರದರ್ಶನ, ಪ್ರಮಾಣಪತ್ರ, ಪರಿಚಯಗಳ ಸುತ್ತ ಸುತ್ತುತ್ತವೆ. ಅವೆಲ್ಲ ಇವೆ, ಸುಳ್ಳಲ್ಲ. ಆದರೆ ನನ್ನ ಮಟ್ಟಿಗೆ ಅವು ಎರಡನೆಯ ಸಾಲಿನ ಲಾಭಗಳು. ಒಬ್ಬ ಕಲಾವಿದ ಎಷ್ಟೇ ದುಡಿದರೂ ತನಗೆ ತಾನೇ ಒದಗಿಸಿಕೊಳ್ಳಲಾಗದ ಸಂಗತಿಗಳು ಎರಡು. ಒಂದು, ತನ್ನ ಕೆಲಸವನ್ನು ಪದೇ ಪದೇ ನೋಡಿ ನಿಜ ಹೇಳುವ ಕಣ್ಣು. ಇನ್ನೊಂದು, ಅಧಿಕಾರದ ಮುಂದೆ, ಕಾನೂನಿನ ಮುಂದೆ, ಕಾಲದ ಮುಂದೆ ನಿಲ್ಲುವ ಬಲ. ಸಂಘದ ಬೆಲೆ ಇರುವುದು ಇಲ್ಲಿ.

ಮೊದಲು ಎದುರು ಸಾಕ್ಷಿಯನ್ನು ನೋಡೋಣ. ಕನ್ನಡ ನಾಡಿನ ಅತಿ ದೊಡ್ಡ ಚಿತ್ರಕಾರರಲ್ಲಿ ಒಬ್ಬರಾದ ಕೆ. ವೆಂಕಟಪ್ಪ (1886–1965) ಯಾವ ಕೂಟಕ್ಕೂ ಒಗ್ಗಿಕೊಂಡವರಲ್ಲ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತು ಬಂದರು, ವೀಣೆ ಶೇಷಣ್ಣನವರ ಶಿಷ್ಯರಾಗಿ ವೀಣೆಯನ್ನೂ ಸಾಧಿಸಿದರು, ಮದುವೆಯಾಗದೆ, ಹೆಚ್ಚು ಜನರೊಡನೆ ಬೆರೆಯದೆ ಬೆಂಗಳೂರಿನಲ್ಲಿ ಬಾಳಿದರು. ಊಟಿ, ಕೊಡೈಕೆನಾಲ್‌ಗಳ ಮಂಜು ಬೆಳಕನ್ನು ಹಿಡಿದ ಅವರ ಜಲವರ್ಣಗಳ ಮುಂದೆ ನಿಂತವರಿಗೆ ಆ ಏಕಾಂತದ ಫಲ ಎಷ್ಟು ಗಟ್ಟಿಯಾದದ್ದೆಂದು ಗೊತ್ತಾಗುತ್ತದೆ. ಆದ್ದರಿಂದ ಸಂಘವಿಲ್ಲದೆ ಕಲೆಯಿಲ್ಲ ಎನ್ನುವ ಮಾತು ನಿಲ್ಲುವುದಿಲ್ಲ. ಆದರೆ ವೆಂಕಟಪ್ಪನವರ ಬದುಕಿಗೆ ಇನ್ನೊಂದು ಮುಖವೂ ಇದೆ. ಸಂಭಾವನೆಯ ವಿಚಾರದಲ್ಲಿ ಅರಮನೆಯೊಡನೆ ವ್ಯಾಜ್ಯವಾದಾಗ ಅವರ ಬೆನ್ನಿಗೆ ನಿಲ್ಲುವ ಕಲಾವಿದರ ಸಂಸ್ಥೆ ಒಂದೂ ಇರಲಿಲ್ಲ. ಒಂಟಿಯಾಗಿ ಬರೆದ ಹಾಗೆಯೇ ಒಂಟಿಯಾಗಿ ಹೋರಾಡಬೇಕಾಯಿತು.

ಕರ್ನಾಟಕದಲ್ಲಿ ಕಲಾವಿದರ ಒಗ್ಗೂಡುವಿಕೆ ಬೆಳೆದದ್ದು ಹೆಚ್ಚಾಗಿ ಒಬ್ಬೊಬ್ಬ ಗುರುವಿನ ಅಂಗಳದಿಂದ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ 1935ರಲ್ಲಿ ತೆರೆದ ಕಲಾಶಾಲೆ, ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾ ಮಂದಿರ, ಕಲಬುರಗಿಯಲ್ಲಿ ವಿ.ಜಿ. ಅಂದಾನಿಯವರು ಕಟ್ಟಿದ ಐಡಿಯಲ್ ಫೈನ್ ಆರ್ಟ್ ಸಂಸ್ಥೆ, ಬೆಂಗಳೂರಿನಲ್ಲಿ 1960ರ ದಶಕದ ಕೊನೆಗೆ ಆರ್.ಎಂ. ಹಡಪದ್ ಶುರು ಮಾಡಿದ ಕೆನ್ ಕಲಾಶಾಲೆ ಇವೆಲ್ಲ ಹೆಸರಿಗೆ ಶಾಲೆಗಳು. ನಡೆಯುತ್ತಿದ್ದುದು ಶಾಲೆಗಿಂತ ಹೆಚ್ಚಿನದು. ಸಂಜೆಯಾದರೆ ಹಳೆಯ ವಿದ್ಯಾರ್ಥಿಗಳು, ಊರಿನ ಫೋಟೋಗ್ರಾಫರುಗಳು, ನಾಟಕದ ಪರದೆ ಬರೆಯುವವರು ಅಲ್ಲಿ ಸೇರುತ್ತಿದ್ದರು. ಹಣವಿಲ್ಲದ ಹುಡುಗರಿಗೆ ಬಣ್ಣವೂ ಊಟವೂ ಅಲ್ಲೇ ಸಿಗುತ್ತಿದ್ದ ಕಾಲ ಅದು. ಆ ಗುರುಗಳಲ್ಲಿ ಕೆಲವರು ತೀರಿಕೊಂಡ ಮೇಲೆ ಶಿಷ್ಯರು ಅವರ ಹೆಸರಿನಲ್ಲಿ ಟ್ರಸ್ಟು, ಬಳಗಗಳನ್ನು ಮಾಡಿಕೊಂಡದ್ದು ಸಹಜ. ಉತ್ತರ ಕರ್ನಾಟಕದ ಊರುಗಳಲ್ಲಿ ಕಲಾವಿದರ ನಡುವೆ ಇಂದಿಗೂ ಗುರುಬಂಧುಗಳ ಸಲಿಗೆ ಕಾಣುವುದು ಈ ಹುಟ್ಟಿನಿಂದ. ಕರಾವಳಿಯಲ್ಲಿ ಬೇರೆ ಬಗೆ. ಉಡುಪಿಯ ಆರ್ಟಿಸ್ಟ್ಸ್ ಫೋರಂ, ಮಂಗಳೂರಿನ ಕರಾವಳಿ ಚಿತ್ರಕಲಾ ಚಾವಡಿಯಂಥವು ಗುರುವಿಗಿಂತ ಸಮಾನವಯಸ್ಕರ ಸ್ನೇಹದ ಮೇಲೆ ನಿಂತವು.

ಇವೆಲ್ಲಕ್ಕಿಂತ ದೊಡ್ಡದಾಗಿ ಬೆಳೆದದ್ದು ಬೆಂಗಳೂರಿನ ಚಿತ್ರಕಲಾ ಪರಿಷತ್ತು. 1960ರಲ್ಲಿ ಎಂ.ಎಸ್. ನಂಜುಂಡರಾವ್ ಮತ್ತು ಸಂಗಡಿಗರು ಅದನ್ನು ಕಟ್ಟಲು ಹೊರಟಾಗ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಆಮೇಲೆ ಕುಮಾರಕೃಪಾ ರಸ್ತೆಯ ಜಾಗ ಸಿಕ್ಕಿತು, ಕಾಲೇಜು ಬಂತು, ಗ್ಯಾಲರಿಗಳು ಬಂದವು, ತೊಗಲುಗೊಂಬೆಗಳ ಮತ್ತು ಮೈಸೂರು ಸಾಂಪ್ರದಾಯಿಕ ಚಿತ್ರಗಳ ಸಂಗ್ರಹ ಬೆಳೆಯಿತು, ರೋರಿಕ್ ತಂದೆಮಗನ ಚಿತ್ರಗಳು ಅಲ್ಲಿ ನೆಲೆ ಕಂಡವು. ನಾಲ್ಕಾರು ಜನ ಸೇರಿ ಹಟ ಹಿಡಿದರೆ ಒಂದು ಊರಿಗೆ ಏನು ದಕ್ಕಬಹುದು ಎನ್ನುವುದಕ್ಕೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ಇಲ್ಲ.

ಇನ್ನು ಕಣ್ಣಿನ ವಿಚಾರ. ಇದು ಈ ಪ್ರಶ್ನೆಯ ಹೃದಯವಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಾಲೇಜಿನಲ್ಲಿದ್ದಷ್ಟು ದಿನ ಚಿತ್ರದ ಹಿಂದೆ ಯಾರಾದರೂ ಬಂದು ನಿಲ್ಲುತ್ತಾರೆ. ಮೇಷ್ಟ್ರು ಬೈಯುತ್ತಾರೆ, ಪಕ್ಕದವನು ನಗುತ್ತಾನೆ, ಹಿಂದಿನ ಬೆಂಚಿನವಳು ತನ್ನದನ್ನು ಅಳಿಸಿ ಮತ್ತೆ ಶುರು ಮಾಡುತ್ತಾಳೆ. ಪದವಿ ಮುಗಿದ ಮರುದಿನದಿಂದ ಆ ನೋಟ ನಿಂತುಹೋಗುತ್ತದೆ. ಮನೆಯವರು ಹೇಳುವುದು ‘ಚೆನ್ನಾಗಿದೆ’. ಗೆಳೆಯರು ಹೇಳುವುದೂ ‘ಚೆನ್ನಾಗಿದೆ’. ಮೊಬೈಲಿನಲ್ಲಿ ಕಳಿಸಿದರೆ ಬರುವುದು ಹೆಬ್ಬೆರಳಿನ ಗುರುತು. ಆರಡಿಯ ಕ್ಯಾನ್ವಾಸ್ ಅಂಗೈಯಷ್ಟಾಗಿ ಕಂಡಾಗ ಅದರ ಬಣ್ಣದ ದಪ್ಪ, ಅಂಚಿನ ಒರಟು, ದೂರದಿಂದ ಬೇರೆಯಾಗಿ ಹತ್ತಿರದಿಂದ ಬೇರೆಯಾಗಿ ಕಾಣುವ ಗುಣ ಯಾವುದೂ ತಲುಪುವುದಿಲ್ಲ. ಪ್ರಶಂಸೆ ಸಿಗುತ್ತದೆ, ನೋಟ ಸಿಗುವುದಿಲ್ಲ. ಐದಾರು ವರ್ಷ ಹೀಗೆ ನಡೆದರೆ ಕೈ ತನಗೆ ಸುಲಭವಾದದ್ದನ್ನೇ ಮತ್ತೆ ಮತ್ತೆ ಮಾಡತೊಡಗುತ್ತದೆ, ಅದನ್ನೇ ಕಲಾವಿದ ತನ್ನ ಶೈಲಿ ಎಂದುಕೊಳ್ಳುತ್ತಾನೆ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಒಳ್ಳೆಯ ಕೈಯಿರುವ ಎಷ್ಟೋ ಜನ ಒಂದೇ ಹಂಪಿಯ ರಥ, ಒಂದೇ ಮಳೆಗಾಲದ ಬೀದಿಯಲ್ಲಿ ನಿಂತುಬಿಟ್ಟಿದ್ದರೆ ಅದಕ್ಕೆ ಪ್ರತಿಭೆಯ ಕೊರತೆಗಿಂತ ಈ ಒಂಟಿತನವೇ ಹೆಚ್ಚು ಕಾರಣ ಎಂದು ನಾನು ನಂಬಿದ್ದೇನೆ.

ಒಳ್ಳೆಯ ಸಂಘ ಈ ನೋಟವನ್ನು ಮತ್ತೆ ಒದಗಿಸುತ್ತದೆ. ಕಲ್ಕತ್ತೆಯಲ್ಲಿ 1960ರಲ್ಲಿ ಹುಟ್ಟಿದ ಸೊಸೈಟಿ ಆಫ್ ಕಂಟೆಂಪರರಿ ಆರ್ಟಿಸ್ಟ್ಸ್ ಇದಕ್ಕೆ ಹೆಸರಾದದ್ದು. ಗಣೇಶ್ ಪೈನ್, ಬಿಕಾಶ್ ಭಟ್ಟಾಚಾರ್ಯರಂಥ ಪರಸ್ಪರ ಸಂಬಂಧವೇ ಇಲ್ಲದ ಮನೋಧರ್ಮದವರು ಅದರ ಸದಸ್ಯರಾಗಿದ್ದರು. ಒಬ್ಬರದು ಕತ್ತಲಲ್ಲಿ ಮಿನುಗುವ ಕನಸಿನ ಲೋಕ, ಇನ್ನೊಬ್ಬರದು ಬೆಚ್ಚಿಬೀಳಿಸುವಷ್ಟು ನಿಖರವಾದ ವಾಸ್ತವ. ಒಂದೇ ಪ್ರಣಾಳಿಕೆಗೆ ಸಹಿ ಹಾಕದೆ, ಒಂದೇ ಶೈಲಿಗೆ ಕಟ್ಟುಬೀಳದೆ ಅವರು ದಶಕಗಳ ಕಾಲ ಒಂದೇ ಸೂರಿನಡಿ ಪ್ರದರ್ಶನ ಮಾಡಿದರು. ಬೇರೆ ದಾರಿಯವನ ಟೀಕೆಯೇ ಹೆಚ್ಚು ಉಪಯೋಗಕ್ಕೆ ಬರುವುದು, ಏಕೆಂದರೆ ಅವನಿಗೆ ನಿಮ್ಮ ಅಭ್ಯಾಸಗಳ ಮೇಲೆ ಮೋಹವಿಲ್ಲ. ನಿಸರ್ಗ ಚಿತ್ರಣ ಮಾಡುವವನ ಆಕಾಶ ಯಾಕೆ ಸಪ್ಪೆಯೆಂದು ಒಬ್ಬ ಮುದ್ರಣ ಕಲಾವಿದೆ ಥಟ್ಟನೆ ಹೇಳಬಲ್ಲಳು. ಆಕೆಗೆ ಕಪ್ಪುಬಿಳುಪಿನ ತೂಕ ಬೆರಳ ತುದಿಯಲ್ಲಿದೆ.

ಇಂಥ ಮಾತು ತಾನಾಗಿ ನಡೆಯುವುದಿಲ್ಲ, ಅದಕ್ಕೊಂದು ಕ್ರಮ ಬೇಕು. ತಿಂಗಳಿಗೊಂದು ಸಂಜೆ ನಿಗದಿಯಾಗಿರಬೇಕು. ಮುಗಿದ ಚಿತ್ರಕ್ಕಿಂತ ಮುಗಿಯದ ಚಿತ್ರ ತರುವುದು ಲೇಸು, ಏಕೆಂದರೆ ಫ್ರೇಮಿನೊಳಗೆ ಹೋದದ್ದನ್ನು ಯಾರೂ ತಿದ್ದುವುದಿಲ್ಲ. ಚಿತ್ರ ಬರೆದವರು ಮೊದಲ ಹತ್ತು ನಿಮಿಷ ಬಾಯಿ ತೆರೆಯಬಾರದು, ನೋಡುವವರು ಕಂಡದ್ದನ್ನು ಹೇಳಬೇಕು. ವಯಸ್ಸಿನಲ್ಲಿ ಕಿರಿಯರಾದವರು ಮೊದಲು ಮಾತಾಡಬೇಕು. ಹಿರಿಯರು ತೀರ್ಪು ಕೊಟ್ಟ ಮೇಲೆ ನಮ್ಮ ಹುಡುಗರು ಬಾಯಿ ಬಿಡುವುದಿಲ್ಲ. ನಮ್ಮ ಸಂಸ್ಕೃತಿಯಲ್ಲಿ ಗುರುವಿನೆದುರು ಮಾತಾಡುವ ಸಂಕೋಚ ಆಳವಾದದ್ದು. ಅದನ್ನು ದಾಟುವ ಅಭ್ಯಾಸ ಕೊಡುವ ಸಂಘ ಚಿತ್ರಕಲೆಗೆ ಮಾತ್ರವಲ್ಲ, ಊರಿನ ಮಾತುಕತೆಗೇ ಉಪಕಾರ ಮಾಡುತ್ತದೆ. ಸಾಹಿತ್ಯದಲ್ಲಿ ಇಂಥ ಓದುಕೂಟಗಳು ನಮ್ಮಲ್ಲಿ ಬೇಕಾದಷ್ಟಿವೆ, ಚಿತ್ರಕಲೆಯಲ್ಲಿ ಬಹಳ ಕಡಿಮೆ. ನೋಡುವುದನ್ನು ಕಲಿಸುವ ಕೆಲಸಕ್ಕೆ ಬೆಂಗಳೂರಿನಲ್ಲಿ ಎಸ್.ಜಿ. ವಾಸುದೇವ್ ಅವರು ನಡೆಸಿಕೊಂಡು ಬಂದ ‘ಅನನ್ಯ ದೃಶ್ಯ’ ಒಂದು ಮಾದರಿ. ಕಲಾವಿದರು ತಮ್ಮ ಕೆಲಸದ ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತ ಸಾಮಾನ್ಯ ಜನರ ಜೊತೆ ಮಾತಾಡುವ ಕಾರ್ಯಕ್ರಮ ಅದು.

ವಾಸುದೇವ್ ಅವರ ಹೆಸರು ಬಂದಮೇಲೆ ಚೋಳಮಂಡಲದ ಕಥೆ ಹೇಳದೆ ಮುಂದೆ ಹೋಗಲಾಗದು, ಏಕೆಂದರೆ ಹಣದ ಪ್ರಶ್ನೆಗೆ ಭಾರತದಲ್ಲಿ ಕಲಾವಿದರೇ ಕಂಡುಕೊಂಡ ಅತ್ಯಂತ ಧೈರ್ಯದ ಉತ್ತರ ಅಲ್ಲಿದೆ. ಮದ್ರಾಸಿನ ಸರ್ಕಾರಿ ಕಲಾಶಾಲೆಯ ಪ್ರಿನ್ಸಿಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ತಮ್ಮ ವಿದ್ಯಾರ್ಥಿಗಳು ಪದವಿ ಮುಗಿಸಿ ಕಚೇರಿಗಳಲ್ಲೋ ಜಾಹೀರಾತು ಕಂಪನಿಗಳಲ್ಲೋ ಕರಗಿಹೋಗುವುದನ್ನು ಕಂಡು ನೊಂದಿದ್ದರು. ಅವರೆಲ್ಲ ಸೇರಿ ಕರಕುಶಲ ಸಂಘವೊಂದನ್ನು ಕಟ್ಟಿದರು. ಬಾಟಿಕ್ ಬಟ್ಟೆ, ಲೋಹ, ಸೆರಾಮಿಕ್ ಕೆಲಸಗಳನ್ನು ಮಾಡಿ ಮಾರಿದರು. ಆ ಹಣದಲ್ಲಿ 1966ರಲ್ಲಿ ಮದ್ರಾಸಿನ ಹೊರಗೆ, ಸಮುದ್ರದಂಡೆಯ ಇಂಜಂಬಾಕ್ಕಂನಲ್ಲಿ ಸುಮಾರು ಹತ್ತು ಎಕರೆ ಮರಳು ನೆಲ ಕೊಂಡು ಚೋಳಮಂಡಲ ಕಲಾಗ್ರಾಮವನ್ನು ಎಬ್ಬಿಸಿದರು. ದಿನದ ಒಂದು ಪಾಲು ಹೊಟ್ಟೆಪಾಡಿನ ಕರಕುಶಲಕ್ಕೆ, ಉಳಿದದ್ದು ತಮ್ಮ ಚಿತ್ರ ಶಿಲ್ಪಗಳಿಗೆ. ಮೈಸೂರಿನಲ್ಲಿ ಹುಟ್ಟಿದ ವಾಸುದೇವ್ ಅದರ ಸ್ಥಾಪಕ ಸದಸ್ಯರಲ್ಲೊಬ್ಬರು. ತಾಮ್ರದ ಉಬ್ಬುಚಿತ್ರಗಳಲ್ಲಿ ಅವರ ಕೈ ಪಳಗಿದ್ದು ಆ ಕರಕುಶಲದ ನಂಟಿನಿಂದ. 1970ರ ‘ಸಂಸ್ಕಾರ’ ಚಲನಚಿತ್ರಕ್ಕೆ ಕಲಾ ನಿರ್ದೇಶನ ಮಾಡಿದವರೂ ಅವರೇ. ನಾಟಕದವರು, ಕವಿಗಳು, ಸಿನಿಮಾದವರು ಬಂದುಹೋಗುವ ನೆರೆಯಲ್ಲಿ ಬದುಕುವ ಚಿತ್ರಕಾರನಿಗೆ ಇಂಥ ಕೆಲಸಗಳು ಹತ್ತಿರವಾಗುತ್ತವೆ. ಒಂಟಿ ಸ್ಟುಡಿಯೋದ ಬಾಗಿಲನ್ನು ಅವು ಅಷ್ಟಾಗಿ ತಟ್ಟುವುದಿಲ್ಲ.

ಎಲ್ಲ ಊರಿನಲ್ಲೂ ಚೋಳಮಂಡಲ ಕಟ್ಟಲಾಗದು. ಆದರೆ ಅದರ ಹಿಂದಿನ ಲೆಕ್ಕ ಎಲ್ಲ ಕಡೆಯೂ ನಡೆಯುತ್ತದೆ: ಒಬ್ಬನಿಗೆ ಭಾರವಾದದ್ದು ಇಪ್ಪತ್ತು ಜನಕ್ಕೆ ಹಗುರ. ಮಾಡೆಲ್ ಇಟ್ಟುಕೊಂಡು ಮಾನವಾಕೃತಿ ಬರೆಯಲು ಒಬ್ಬರಿಗೆ ಖರ್ಚು ತೂಗುವುದಿಲ್ಲ, ಹತ್ತು ಜನ ಹಂಚಿಕೊಂಡರೆ ವಾರಕ್ಕೊಮ್ಮೆ ಸಾಧ್ಯ. ಎಚಿಂಗ್, ಲಿಥೋಗ್ರಫಿ ಮಾಡುವವರ ಕಷ್ಟ ಇನ್ನೂ ದೊಡ್ಡದು. ಪ್ರೆಸ್ಸು, ಆಸಿಡ್ ತೊಟ್ಟಿ, ಗಾಳಿಯಾಡುವ ಕೋಣೆ ಇಲ್ಲದೆ ಆ ಕಲೆಯೇ ಇಲ್ಲ, ಕಾಲೇಜು ಬಿಟ್ಟ ದಿನ ಎಷ್ಟೋ ಮುದ್ರಣ ಕಲಾವಿದರು ಅನಿವಾರ್ಯವಾಗಿ ಅಕ್ರಿಲಿಕ್‌ಗೆ ತಿರುಗುತ್ತಾರೆ. ಬರೋಡಾದಲ್ಲಿ 1999ರಲ್ಲಿ ಶುರುವಾದ ‘ಛಾಪ್’ ಸಾಮೂಹಿಕ ಮುದ್ರಣಾಲಯ ಹುಟ್ಟಿದ್ದು ಈ ಕೊರತೆಯನ್ನು ತುಂಬಲು. ಬೆಂಗಳೂರಿನಲ್ಲಿ 2009ರ ‘ಸಮೂಹ’ದವರ ದಾರಿ ಇನ್ನೂ ಸರಳ. ಇಪ್ಪತ್ತಕ್ಕೂ ಹೆಚ್ಚು ಕಲಾವಿದರು ಜೇಬಿನಿಂದ ಹಣ ಹಾಕಿ, ಎಡಿಎ ರಂಗಮಂದಿರದಲ್ಲಿ ಜಾಗ ಬಾಡಿಗೆ ಹಿಡಿದು, ಸರದಿಯ ಮೇಲೆ ಒಬ್ಬೊಬ್ಬರೂ ತಮಗೆ ತೋಚಿದ್ದನ್ನು ಅಲ್ಲಿ ಮಾಡಿದರು. ಮಾರಾಟದ ಗ್ಯಾಲರಿ ಒಪ್ಪದಂಥ ಪ್ರಯೋಗಗಳಿಗೆ ಅಲ್ಲಿ ಜಾಗವಾಯಿತು. ಮೊದಲೇ ನಿಶ್ಚಯಿಸಿದ್ದ ಅವಧಿ ಮುಗಿದಾಗ ಬಾಗಿಲು ಹಾಕಿದರು. ಸಂಘ ಎಂದರೆ ಶಾಶ್ವತವಾಗಿರಲೇಬೇಕು, ಕಟ್ಟಡವಿರಲೇಬೇಕು ಎಂಬ ನಮ್ಮ ಹಟಕ್ಕೆ ಇದು ಒಳ್ಳೆಯ ಉತ್ತರ.

ಮಾರಾಟದ ಬಗ್ಗೆ ಚುಟುಕಾಗಿ. ಖಾಸಗಿ ಗ್ಯಾಲರಿಗಳ ಕಮಿಷನ್ ಬೆಲೆಯ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೂ ಹೋಗುವುದುಂಟು, ಸಂಘದ ಪ್ರದರ್ಶನಗಳಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ಆದರೆ ಕೊಳ್ಳುವವರೂ ಕಡಿಮೆ. ಊರಿನ ಸಮೂಹ ಪ್ರದರ್ಶನದಿಂದ ಸಂಸಾರ ನಡೆಯುತ್ತದೆಂದು ನಂಬಿ ಯಾರೂ ಕೆಲಸ ಬಿಡಬಾರದು. ಸಾಮೂಹಿಕ ಬಲ ಮಾರುಕಟ್ಟೆಯನ್ನೇ ಹಿಗ್ಗಿಸಿದ ದೊಡ್ಡ ಉದಾಹರಣೆ ಚಿತ್ರಸಂತೆ. ಎರಡು ದಶಕಗಳಿಂದ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ, ನಾಡಿನ ಮತ್ತು ಹೊರರಾಜ್ಯಗಳ ಸಾವಿರಕ್ಕೂ ಹೆಚ್ಚು ಕಲಾವಿದರನ್ನು ಕಲ್ಲುಬೇಲಿಗಳ ಉದ್ದಕ್ಕೂ ಕೂರಿಸಿ, ಲಕ್ಷಗಟ್ಟಲೆ ಜನರನ್ನು ಅವರ ಮುಂದೆ ನಡೆಸುವ ಕೆಲಸ ಒಬ್ಬ ಕಲಾವಿದನಿಂದಲೂ ಆಗುತ್ತಿರಲಿಲ್ಲ, ಒಂದು ಗ್ಯಾಲರಿಯಿಂದಲೂ ಆಗುತ್ತಿರಲಿಲ್ಲ. ಗ್ಯಾಲರಿಯ ಗಾಜಿನ ಬಾಗಿಲು ತಳ್ಳಲು ಹಿಂಜರಿಯುವ ಮಂದಿ ಅಲ್ಲಿ ಮಕ್ಕಳೊಡನೆ ಬಂದು, ಚೌಕಾಶಿ ಮಾಡಿ, ಮೊದಲ ಬಾರಿಗೆ ಒಂದು ಮೂಲಚಿತ್ರವನ್ನು ಮನೆಗೆ ಒಯ್ಯುತ್ತಾರೆ. ನೋಡುಗರನ್ನು ಬೆಳೆಸುವುದು ಸಂಘಗಳ ಕೆಲಸವೆಂದು ಅಲ್ಲಿ ಒಂದು ತಾಸು ನಡೆದವರಿಗೆ ಹೇಳಬೇಕಾಗಿಲ್ಲ.

ಬಲದ ವಿಚಾರಕ್ಕೆ ಬರೋಣ. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಶಿಲ್ಪಿ ಅಮರ್‌ನಾಥ್ ಸೆಹಗಲ್ ವರ್ಷಗಟ್ಟಲೆ ದುಡಿದು ಕಂಚಿನ ದೊಡ್ಡ ಭಿತ್ತಿಶಿಲ್ಪ ಮಾಡಿದ್ದರು. 1979ರಲ್ಲಿ ಅದನ್ನು ಅವರಿಗೆ ತಿಳಿಸದೆ ಕಿತ್ತು ಉಗ್ರಾಣಕ್ಕೆ ಹಾಕಲಾಯಿತು, ಭಾಗಗಳು ಮುರಿದವು, ಕೆಲವು ಕಳೆದೇಹೋದವು. ಪತ್ರಗಳಿಗೆ ಉತ್ತರ ಸಿಗದೆ 1992ರಲ್ಲಿ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ದೆಹಲಿ ಹೈಕೋರ್ಟ್ 2005ರಲ್ಲಿ ತೀರ್ಪು ಕೊಟ್ಟಿತು: ಕೃತಿ ಮಾರಾಟವಾದ ಮೇಲೂ ಅದರ ಮೇಲೆ ಕಲಾವಿದನ ನೈತಿಕ ಹಕ್ಕು ಉಳಿಯುತ್ತದೆ, ಉಳಿದ ಭಾಗಗಳನ್ನು ಹಿಂದಿರುಗಿಸಬೇಕು, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು. ಭಾರತದ ಕಲಾವಿದರೆಲ್ಲರಿಗೂ ನೆರಳಾದ ತೀರ್ಪು ಅದು. ಅದಕ್ಕಾಗಿ ಒಬ್ಬ ಮನುಷ್ಯ ತನ್ನ ಇಳಿವಯಸ್ಸಿನ ಹದಿಮೂರು ವರ್ಷ ತೆತ್ತ. ಸೆಹಗಲ್ ಅವರಿಗೆ ಹೆಸರಿತ್ತು, ಛಲವಿತ್ತು. ತುಮಕೂರಿನ ಬಸ್ ನಿಲ್ದಾಣದ ಗೋಡೆಗೆ ಚಿತ್ರ ಬರೆದ ಹುಡುಗನ ಕೆಲಸದ ಮೇಲೆ ನಾಳೆ ಸುಣ್ಣ ಬಳಿದರೆ ಅವನಿಗಾಗಿ ಪತ್ರ ಬರೆಯುವವರು ಯಾರು? ಸಂಘದ ಲೆಟರ್‌ಹೆಡ್ಡಿನ ಬೆಲೆ ಅಂಥ ದಿನ ಗೊತ್ತಾಗುತ್ತದೆ.

ಕೃತಿಸ್ವಾಮ್ಯ ಕಾಯಿದೆಯಲ್ಲಿ ಇನ್ನೊಂದು ಹಕ್ಕಿದೆ, ಅದನ್ನು ತಿಳಿದ ಕಲಾವಿದರು ವಿರಳ. ಚಿತ್ರ, ಶಿಲ್ಪ, ರೇಖಾಚಿತ್ರದ ಮೂಲಪ್ರತಿ ಮರುಮಾರಾಟವಾದಾಗ, ಬೆಲೆ 10,000 ರೂಪಾಯಿ ಮೀರಿದ್ದರೆ, ಕಲಾವಿದನಿಗೆ ಅಥವಾ ಅವನ ವಾರಸುದಾರರಿಗೆ ಅದರಲ್ಲಿ ಪಾಲು ಕೇಳುವ ಅವಕಾಶವಿದೆ. ಪಾಲಿನ ಮಿತಿ ಶೇಕಡಾ 10. ಕಾಗದದ ಮೇಲೆ ಚೆನ್ನಾದ ಹಕ್ಕು. ಆದರೆ ತನ್ನ ಚಿತ್ರ ಯಾರಿಂದ ಯಾರಿಗೆ ಹೋಯಿತೆಂದು ಒಬ್ಬ ಕಲಾವಿದ ಹೇಗೆ ತಿಳಿಯಬೇಕು? ಸದಸ್ಯರ ಕೃತಿಗಳ ದಾಖಲೆ ಇಟ್ಟು ಬೆನ್ನುಹತ್ತುವ ಸಂಸ್ಥೆಗಳಿಲ್ಲದೆ ಇಂಥ ಹಕ್ಕುಗಳು ಪುಸ್ತಕದಲ್ಲೇ ಉಳಿಯುತ್ತವೆ.

2016ರಲ್ಲಿ ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಯೋಜನೆ ಬಂದಾಗ ಬಲದ ಇನ್ನೊಂದು ರೂಪ ಕಂಡಿತು. ಕಡಿಮೆ ಬಾಡಿಗೆಗೆ ಯಾವ ಕಲಾವಿದನಿಗೂ ದಕ್ಕುತ್ತಿದ್ದ ಸಾರ್ವಜನಿಕ ಗೋಡೆಗಳು ಕೈತಪ್ಪುತ್ತವೆಂಬ ಆತಂಕದಿಂದ ನಾಡಿನ ಮೂಲೆಮೂಲೆಯ ಕಲಾವಿದರು ಒಂದೇ ವೇದಿಕೆಯಡಿ ಸೇರಿದರು. ಗ್ಯಾಲರಿಯ ಮುಂದೆಯೇ ಚಿತ್ರ ಬರೆದು, ಪ್ರದರ್ಶನ ಕಲೆ ಆಡಿ ಪ್ರತಿಭಟಿಸಿದರು. ಆ ಯೋಜನೆ ಅಂದುಕೊಂಡಂತೆ ಮುಂದುವರಿಯಲಿಲ್ಲ. ಖಾಸಗಿ ನೆರವು ಬೇಕೋ ಬೇಡವೋ ಎಂಬ ಬಗ್ಗೆ ಪ್ರಾಮಾಣಿಕ ಭಿನ್ನಾಭಿಪ್ರಾಯಗಳಿದ್ದವು, ಇಂದಿಗೂ ಇವೆ. ಆದರೆ ಸಾರ್ವಜನಿಕ ಕಲಾಸ್ಥಳದ ಬಗ್ಗೆ ನಿರ್ಧಾರವಾಗುವಾಗ ಕಲಾವಿದರನ್ನು ಕೇಳಬೇಕು ಎಂಬ ಮಾತು ಅಂದು ಸರ್ಕಾರದ ಕಿವಿ ಮುಟ್ಟಿತು. ಬದುಕಿನುದ್ದಕ್ಕೂ ಒಂಟಿಯಾಗಿದ್ದ ವೆಂಕಟಪ್ಪನವರ ಹೆಸರು ಹೊತ್ತ ಕಟ್ಟಡಕ್ಕಾಗಿ ಅಷ್ಟು ಕಲಾವಿದರು ಒಟ್ಟಾಗಿ ಬೀದಿಗಿಳಿದರು ಎಂಬುದು ನನ್ನನ್ನು ಇಂದಿಗೂ ಕಲಕುತ್ತದೆ.

ಇದೇ ಹಾದಿಯಲ್ಲಿ ಕೆ.ಕೆ. ಹೆಬ್ಬಾರರನ್ನು ನೆನೆಯಬೇಕು. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಮುಂಬಯಿಗೆ ಹೋದ ಅವರು ಹೆಸರು ಬಂದ ಮೇಲೆ ತಮ್ಮ ಸ್ಟುಡಿಯೋದ ಬಾಗಿಲು ಮುಚ್ಚಿಕೊಂಡು ಕೂರಲಿಲ್ಲ. ವಿಜ್ಞಾನಿ ಹೋಮಿ ಭಾಭಾ ಅವರೊಡನೆ ಸೇರಿ ಅವರು ಒತ್ತಾಯಿಸಿದ್ದರಿಂದ ಸರ್ ಕಾವಸ್‌ಜಿ ಜಹಾಂಗೀರ್ 1952ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯನ್ನು ಕಟ್ಟಿಸಿಕೊಟ್ಟರು. ಇಂದು ಕರ್ನಾಟಕದ ಯಾವುದೇ ಊರಿನ ಕಲಾವಿದನಿಗೆ ಅಲ್ಲೊಮ್ಮೆ ಪ್ರದರ್ಶನ ಮಾಡಬೇಕೆಂಬ ಆಸೆಯಿದೆ.

ಹೆಣ್ಣುಮಕ್ಕಳಿಗೆ ಸಂಘದ ಅರ್ಥವೇ ಬೇರೆ. ನಮ್ಮ ಊರುಗಳಲ್ಲಿ ಕೆರೆಯ ಏರಿಯ ಮೇಲೆ ಒಬ್ಬಳೇ ಸ್ಕೆಚ್‌ಬುಕ್ ಹಿಡಿದು ಎರಡು ತಾಸು ಕೂರುವುದು ಇವತ್ತಿಗೂ ಸುಲಭವಲ್ಲ. ನೋಡುವವರು, ಪ್ರಶ್ನೆ ಕೇಳುವವರು, ಅದಕ್ಕಿಂತ ಕೆಟ್ಟವರು ಇದ್ದೇ ಇರುತ್ತಾರೆ. ಹತ್ತು ಜನರ ಗುಂಪು ಕೂತರೆ ಅದೇ ಜಾಗ ತಂತಾನೇ ಸುರಕ್ಷಿತವಾಗುತ್ತದೆ. ಬೆಂಗಳೂರಿನಲ್ಲಿ ವಾರದ ಕೊನೆಗೆ ಬೀದಿ, ಮಾರುಕಟ್ಟೆ, ಹಳೆಯ ಕಟ್ಟಡಗಳ ಮುಂದೆ ಕೂತು ಬರೆಯುವ ಪೆನ್ಸಿಲ್ ಜ್ಯಾಮರ್ಸ್‌ನಂಥ ಕೂಟಗಳು ಬೆಳೆದಿವೆ. ಅಲ್ಲಿ ಎಂಜಿನಿಯರುಗಳು, ಅಜ್ಜಿಯರು, ಶಾಲೆಯ ಮಕ್ಕಳು ಪಕ್ಕಪಕ್ಕದಲ್ಲಿ ಕೂರುತ್ತಾರೆ. ದೊಡ್ಡ ಪ್ರಮಾಣದಲ್ಲಿ ನೋಡಿದರೆ 1980ರ ದಶಕದ ಕೊನೆಗೆ ನಳಿನಿ ಮಲಾನಿ, ನೀಲಿಮಾ ಶೇಖ್, ಅರ್ಪಿತಾ ಸಿಂಗ್, ಮಾಧವಿ ಪಾರೇಖ್ ಜೊತೆಯಾಗಿ ಊರೂರಿಗೆ ಒಯ್ದ ‘ಥ್ರೂ ದ ಲುಕಿಂಗ್ ಗ್ಲಾಸ್’ ಪ್ರದರ್ಶನ ಕಣ್ಣ ಮುಂದಿದೆ. ಗಂಡಸರೇ ತುಂಬಿದ್ದ ಕಲಾಲೋಕದಲ್ಲಿ ನಾಲ್ವರು ಹೆಂಗಸರು ಯಾರೋ ಕರೆಯಲೆಂದು ಕಾಯದೆ ತಾವೇ ಒಬ್ಬರನ್ನೊಬ್ಬರು ಕರೆದುಕೊಂಡ ಘಟನೆ ಅದು. ನಮ್ಮ ಜಿಲ್ಲಾ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ಹೆಣ್ಣುಮಕ್ಕಳು ಎಷ್ಟಿದ್ದಾರೆ, ಸಭೆಗಳು ರಾತ್ರಿ ಎಂಟಕ್ಕೆ ಶುರುವಾಗುತ್ತವೆಯೋ ಮಧ್ಯಾಹ್ನ ಮೂರಕ್ಕೋ ಎಂದು ನೋಡಿದರೆ ಸಂಘದ ನಿಜವಾದ ಮನಸ್ಸು ತಿಳಿಯುತ್ತದೆ.

ಕೆಡುಕುಗಳನ್ನು ಮುಚ್ಚಿಡುವುದು ಬೇಡ. ಎಷ್ಟೋ ಸಂಘಗಳಲ್ಲಿ ಅಧ್ಯಕ್ಷರು ಬದಲಾಗುವುದೇ ಇಲ್ಲ. ಶಾಲು, ಹಾರ, ನೆನಪಿನ ಕಾಣಿಕೆಗಳ ನಡುವೆ ಚಿತ್ರಗಳು ಹಿಂದಿನ ಗೋಡೆಗೆ ಸರಿಯುತ್ತವೆ. ಒಬ್ಬ ಪ್ರಭಾವಿ ಹಿರಿಯರ ಶೈಲಿಯೇ ಊರಿನ ಶೈಲಿಯಾಗಿ, ಇಪ್ಪತ್ತು ಸದಸ್ಯರ ಪ್ರದರ್ಶನ ಒಬ್ಬರೇ ಬರೆದಂತೆ ಕಾಣುವುದುಂಟು. ಜಾತಿಯ ಸಾಲು ಇಲ್ಲೂ ಎಳೆದಿರುತ್ತದೆ. ಪ್ರವೇಶ ಶುಲ್ಕ ಪಡೆದು ಎಲ್ಲರಿಗೂ ‘ರಾಷ್ಟ್ರಮಟ್ಟದ ಪ್ರಶಸ್ತಿ’ ಹಂಚುವ ವ್ಯಾಪಾರವಂತೂ ಕಲಿಯುವ ಹುಡುಗರ ಮೇಲೆ ನಡೆಯುತ್ತಿರುವ ಅನ್ಯಾಯ. ಅಂಥ ಪ್ರಮಾಣಪತ್ರದಿಂದ ಯಾವ ಕೈಯೂ ಬಲಿಯುವುದಿಲ್ಲ. ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಅಂಗಡಿಯ ಬೋರ್ಡ್ ಬರೆಯುವವರು, ಕಿನ್ನಾಳದ ಗೊಂಬೆ ಮಾಡುವವರು, ಮಲೆನಾಡಿನಲ್ಲಿ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ದೀವರ ಹೆಂಗಸರು ಕಲಾವಿದರ ಸಂಘದ ಪಟ್ಟಿಯಲ್ಲಿ ಇರುವುದು ಅಪರೂಪ. ಡಿಪ್ಲೊಮಾ ಇದ್ದರೆ ಕಲಾವಿದ, ಇಲ್ಲದಿದ್ದರೆ ಕುಶಲಕರ್ಮಿ ಎಂಬ ಗೆರೆಯನ್ನು ನಾವೇ ಎಳೆದುಕೊಂಡೆವು. ಕೆಲಸದಾಳಾಗಿ ಬದುಕು ಶುರು ಮಾಡಿದ ಆರಾ, ಹೋರ್ಡಿಂಗ್ ಬರೆದ ಹುಸೇನ್ ಇದ್ದ ಗುಂಪನ್ನು ಕೊಂಡಾಡುವ ನಾವು ನಮ್ಮ ಊರಿನ ಬೋರ್ಡ್ ಬರೆಯುವವರನ್ನು ಸಭೆಗೆ ಕರೆಯದಿರುವುದು ಸರಿಯಲ್ಲ.

ಹೀಗಾಗಿ ಸೇರುವ ಮುಂಚೆ ನೋಡಿಕೊಳ್ಳುವುದು ಒಳ್ಳೆಯದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ನೋಂದಾಯಿಸುವುದು ಸುಲಭ, ವರ್ಷ ವರ್ಷ ಸರ್ವಸದಸ್ಯರ ಸಭೆ ನಡೆಸಿ ಲೆಕ್ಕಪತ್ರ ಸಲ್ಲಿಸುವುದು ಕಷ್ಟ. ಲೆಕ್ಕ ಕೇಳಿದರೆ ಮುಖ ಗಂಟಿಕ್ಕುವ ಕಡೆ ಚಂದಾ ಕೊಡಬೇಡಿ. ಕಾಗದಪತ್ರ ಸರಿಯಿರುವ ಸಂಘಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕುವ ದಾರಿಯಿದೆ, ಲಲಿತಕಲಾ ಅಕಾಡೆಮಿಯೊಡನೆ ಶಿಬಿರ ನಡೆಸುವ ದಾರಿಯಿದೆ. ವರ್ಷದ ಒಂದು ಉದ್ಘಾಟನೆ ಬಿಟ್ಟು ಬೇರೆ ದಿನ ಸದಸ್ಯರು ಸೇರುತ್ತಾರೆಯೇ, ಸೇರಿದಾಗ ಚಿತ್ರಗಳು ಹೊರಗೆ ಬರುತ್ತವೆಯೇ, ಮೂವತ್ತರೊಳಗಿನವರು ಅಲ್ಲಿ ಮಾತಾಡುತ್ತಾರೆಯೇ, ಇಷ್ಟನ್ನು ಎರಡು ಸಭೆಗೆ ಹೋಗಿ ಸುಮ್ಮನೆ ಕೂತು ನೋಡಿದರೆ ಸಾಕು. ಸಮಿತಿಯ ಕೆಲಸಕ್ಕೆ ಕರೆದರೆ ಒಪ್ಪಿಕೊಳ್ಳಿ, ಆದರೆ ಎರಡು ವರ್ಷಕ್ಕೆ ಬಿಟ್ಟುಬಿಡಿ. ಪಂಪ್ಲೆಟ್ ಹಂಚುತ್ತ, ಹಾಲ್ ಬುಕ್ ಮಾಡುತ್ತ ತಮ್ಮ ಚಿತ್ರವನ್ನೇ ಮರೆತ ಒಳ್ಳೆಯ ಕಲಾವಿದರು ಪ್ರತಿ ಜಿಲ್ಲೆಯಲ್ಲೂ ಸಿಗುತ್ತಾರೆ.

ಕೊನೆಗೆ, ಯಾರೂ ಹೆಚ್ಚು ಹೇಳದ ಒಂದು ಲಾಭ. ಊರಿನ ಕಲಾವಿದ ತೀರಿಕೊಂಡ ಮೇಲೆ ಅವರ ಚಿತ್ರಗಳು ಎಲ್ಲಿ ಹೋಗುತ್ತವೆ? ವೆಂಕಟಪ್ಪನವರ ಕೃತಿಗಳಿಗೆ ಸರ್ಕಾರದ ಗ್ಯಾಲರಿ ಸಿಕ್ಕಿತು, ಹಾಲಭಾವಿಯವರಿಗೆ ನೆನೆಯುವ ಶಿಷ್ಯರಿದ್ದರು. ನಲವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ಊರಿನ ಹಳೆಯ ಬೀದಿ, ಕೆರೆ, ಜಾತ್ರೆ, ಈಗಿಲ್ಲದ ಮನೆಗಳನ್ನು ಬರೆದಿಟ್ಟ ಡ್ರಾಯಿಂಗ್ ಮೇಷ್ಟ್ರ ಟ್ರಂಕು ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತದೆ. ಮಕ್ಕಳು ಬೇರೆ ಊರಿನಲ್ಲಿರುತ್ತಾರೆ, ಮನೆ ಮಾರಾಟವಾಗುತ್ತದೆ. ಆ ಚಿತ್ರಗಳು ಆ ಊರಿನ ಚರಿತ್ರೆಗೆ ಬೇರೆಲ್ಲೂ ಸಿಗದ ಆಧಾರ. ಬದುಕಿರುವ ಸದಸ್ಯರ ಕೃತಿಗಳನ್ನು ಒಂದೊಂದಾಗಿ ಫೋಟೋ ತೆಗೆದು, ಅಳತೆ, ವರ್ಷ, ಮಾಧ್ಯಮ, ಸದ್ಯ ಯಾರ ಬಳಿ ಇದೆ ಎಂಬುದನ್ನು ಬರೆದಿಡುವ ಕೆಲಸವನ್ನು ಯಾವ ಜಿಲ್ಲಾ ಸಂಘವಾದರೂ ಈ ವರ್ಷವೇ ಶುರು ಮಾಡಬಹುದು. ಮೇಲೆ ಹೇಳಿದ ಮರುಮಾರಾಟದ ಹಕ್ಕಿಗೂ ಅದೇ ಆಧಾರವಾಗುತ್ತದೆ. ಅದಕ್ಕೆ ಬೇಕಾದದ್ದು ಒಂದು ಕ್ಯಾಮೆರಾ, ಅಳತೆಯ ಟೇಪು, ದಪ್ಪ ರಟ್ಟಿನ ಒಂದು ನೋಂದಣಿ ಪುಸ್ತಕ, ವಾರಕ್ಕೊಂದು ಮಧ್ಯಾಹ್ನ ಬಿಡುವಿರುವ ಇಬ್ಬರು ಸದಸ್ಯರು.